ತಿರುವೈಯಾರಿನ ಪಂಚಮಿ

ತಂಜಾವೂರು ಬಿಟ್ಟ ಬಸ್ಸು ಊರಾಚೆ ಬಂದದ್ದೇ ತಡ, ಒಂದರ ಹಿಂದೊಂದು ಸೇತುವೆ. ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ. ಕೊಡಗಿನಲ್ಲಿ ಹುಟ್ಟಿದ ಕಾವೇರಿಯೇ ಇಲ್ಲಿ ಕವಲು ಕವಲಾಗಿ ಹರಿದು ಇಷ್ಟೆಲ್ಲ ಹೆಸರು ಪಡೆದಿದ್ದಾಳೆ. ರಸ್ತೆಯ ಎರಡೂ ಬದಿಗೆ ಬಲಿತು ಹಳದಿಗೆ ತಿರುಗಿದ ಭತ್ತದ ಗದ್ದೆಗಳು. ಕೊಯ್ಲು ಮುಗಿದ ಕಡೆ ಕೂಳೆಗಳ ನಡುವೆ ಬೆಳ್ಳಕ್ಕಿಗಳ ಓಡಾಟ. ಜನವರಿಯ ಮಂಜು ಇನ್ನೂ ಪೂರ್ತಿ ಸರಿದಿಲ್ಲ. ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡ ಹುಡುಗ, ಗವಸು ತೊಡಿಸಿದ ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡ ಹಿರಿಯರು, ರೇಷ್ಮೆ ಸೀರೆಯ ನೆರಿಗೆ ಮುದುಡದ ಹಾಗೆ ಸೀಟಿನ ತುದಿಗೆ ಕೂತು ತುಟಿಯೊಳಗೇ ಸ್ವರ ಗುನುಗುತ್ತಿರುವ ಹೆಂಗಸು. ಇಂದು ಈ ಬಸ್ಸಿನಲ್ಲಿ ಎಲ್ಲಿಗೆ ಹೊರಟಿರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಪುಷ್ಯ ಬಹುಳ ಪಂಚಮಿ. ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ.

ಊರು ಚಿಕ್ಕದು. ಐಯಾರಪ್ಪರ್ ದೇವಸ್ಥಾನದ ಗೋಪುರ, ಅದರ ಸುತ್ತ ರಥಬೀದಿಗಳು, ಬಾಗಿಲ ಮುಂದೆ ನೀರು ಚಿಮುಕಿಸಿ ಬಿಟ್ಟ ಕೋಲ. ತಿರುಮಂಜನ ಬೀದಿಯಲ್ಲಿ ತ್ಯಾಗರಾಜರು ಬಾಳಿದ ಮನೆ ಇದ್ದ ಜಾಗ. ಬೆಳಿಗ್ಗೆ ಅಲ್ಲಿಂದ ಉಂಛವೃತ್ತಿ ಹೊರಡುತ್ತದೆ. ಕೈಯಲ್ಲಿ ತಂಬೂರಿ, ಜಾಗಟೆ, ತಾಳ. ನಡೆಯುತ್ತಲೇ ಭಜನೆ, ಮನೆಮನೆಯ ಮುಂದೆ ನಿಂತು ಒಂದು ಹಿಡಿ ಅಕ್ಕಿ ಸ್ವೀಕರಿಸಿ ಮುಂದಕ್ಕೆ. ತಂಜಾವೂರಿನ ಅರಮನೆಯಿಂದ ಬಂದ ಕರೆಗೆ ಓಗೊಡದೆ ಈ ಬೀದಿಗಳಲ್ಲೇ ಹಾಡುತ್ತ ಭಿಕ್ಷೆ ಎತ್ತಿ ಸಂಸಾರ ನಡೆಸಿದವರು ತ್ಯಾಗರಾಜರು. ಮೆರವಣಿಗೆಯ ಜೊತೆ ನಡೆದರೆ ಅವರು ದಿನವೂ ಸವೆಸಿದ ದಾರಿ ಎಷ್ಟು ಕಿರಿದು, ಎಷ್ಟು ಸಾಧಾರಣವಾದದ್ದು ಎಂಬುದು ಕಾಲಿಗೇ ತಿಳಿಯುತ್ತದೆ. ಒಂದು ಕಡೆ ಕಾಫಿ ಅಂಗಡಿ, ಒಂದು ಕಡೆ ಹೂವಿನ ಬುಟ್ಟಿ, ಮಧ್ಯೆ ನುಗ್ಗುವ ಆಟೋ. ಅದರ ನಡುವೆಯೇ ರಾಮನಾಮ ಸಾಗಿ ಕಾವೇರಿ ದಂಡೆಯ ಸಮಾಧಿ ಮುಟ್ಟುತ್ತದೆ.

ಸಮಾಧಿಯ ಎದುರು ಹೊಳೆಯ ದಂಡೆಯಲ್ಲಿ ವಿಶಾಲವಾದ ಚಪ್ಪರ. ಗರ್ಭಗುಡಿಗೆ ನೇರವಾಗಿ ನಡುವೆ ಒಂದು ಓಣಿಯಷ್ಟು ಜಾಗ ಬಿಟ್ಟು, ಅದರ ಎರಡೂ ಬದಿಗೆ ನೆಲದ ಮೇಲೆ ಸಾಲುಸಾಲಾಗಿ ಕೂತವರು ವಿದ್ವಾಂಸರು. ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಂಗಸರು. ಮದರಾಸಿನ ಸಭೆಗಳಲ್ಲಿ ಎತ್ತರದ ವೇದಿಕೆಯ ಮೇಲೆ ದೀಪದ ಬೆಳಕಿನಲ್ಲಿ ಕಾಣುವ ಮುಖಗಳು ಇಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತಿವೆ. ಅವರ ಬೆನ್ನಿಗೆ ಅವರ ಶಿಷ್ಯರು, ಶಿಷ್ಯರ ಬೆನ್ನಿಗೆ ಊರೂರಿನ ಸಂಗೀತದ ಮೇಷ್ಟರುಗಳು, ಆಮೇಲೆ ನಮ್ಮಂಥ ಕೇಳುಗರು. ಆಕಾಶವಾಣಿಯವರ ಮೈಕು, ದೂರದರ್ಶನದ ಕ್ಯಾಮರಾ ಎಲ್ಲ ಸಿದ್ಧ. ನಮ್ಮ ಊರುಗಳಲ್ಲೂ ಎಷ್ಟೋ ಮನೆಗಳಲ್ಲಿ ಈ ಬೆಳಿಗ್ಗೆ ರೇಡಿಯೋದ ಮುಂದೆ ಪುಸ್ತಕ ಹಿಡಿದು ಕೂರುವ ರೂಢಿ ಬೆಳೆದದ್ದು ಈ ಪ್ರಸಾರದಿಂದಲೇ.

ಮೊದಲು ನಾಗಸ್ವರದ ಮಂಗಳವಾದ್ಯ. ಅದು ನಿಂತ ಮೇಲೆ ಕೊಳಲು. ಕೊಳಲಿನ ಕೃತಿ ಮುಗಿಯುತ್ತಿದ್ದಂತೆ ಚಪ್ಪರದಲ್ಲಿ ಗಂಟಲು ಸರಿಪಡಿಸಿಕೊಳ್ಳುವ ಸದ್ದು, ಮೃದಂಗಗಳ ಮೇಲೆ ಕಡೆಯ ಸಲ ಕಲ್ಲಿನ ತಟ್ಟು. ಒಳಗೆ ಅಭಿಷೇಕಕ್ಕೆ ಹಾಲು, ಜೇನು, ಗಂಧ ಅಣಿಯಾಗಿವೆ. ಒಮ್ಮೆಲೇ ನಾಟ ರಾಗ ಏಳುತ್ತದೆ.

ಮೊದಲ ಕ್ಷಣದಲ್ಲಿ ಅದು ಸಂಗೀತವಾಗಿ ಕೇಳಿಸುವುದೇ ಇಲ್ಲ. ಅಷ್ಟೊಂದು ಕೊರಳುಗಳು ಒಟ್ಟಿಗೆ ಬಿಚ್ಚಿಕೊಂಡಾಗ ಎದೆಗೂಡು ಕಂಪಿಸುತ್ತದೆ. ರಾಗ ಆಮೇಲೆ ಕಿವಿಗೆ ಬೀಳುತ್ತದೆ. ಶ್ರುತಿ ಎಲ್ಲರಿಗೂ ಹಿತವಾಗಿರುವುದು ಸಾಧ್ಯವಿಲ್ಲ. ಗಂಡಸರ ಶಾರೀರಕ್ಕೂ ಹೆಂಗಸರ ಶಾರೀರಕ್ಕೂ ನಾಲ್ಕೈದು ಮನೆಗಳ ಅಂತರ. ಒಂದೇ ಶ್ರುತಿಗೆ ಇಬ್ಬರನ್ನೂ ಕಟ್ಟಿದರೆ ಒಬ್ಬರು ತಾರದಲ್ಲಿ ಏದಬೇಕು, ಇನ್ನೊಬ್ಬರು ಮಂದ್ರದಲ್ಲಿ ತಡಕಾಡಬೇಕು. ಪಾಠಾಂತರಗಳೂ ಬೇರೆಬೇರೆ. ಒಬ್ಬರ ಗುರುಗಳು ಹೇಳಿಕೊಟ್ಟ ಸಂಗತಿ ಪಕ್ಕದವರ ಬಾಯಲ್ಲಿ ಇರುವುದಿಲ್ಲ. ಇದನ್ನೇ ಹಿಡಿದು ಇದೇನು ಗೋಷ್ಠಿ, ಗದ್ದಲ ಎಂದು ಮೂಗು ಮುರಿಯುವ ಬಲ್ಲವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕಛೇರಿಯ ಅಳತೆಗೋಲನ್ನು ಇಲ್ಲಿಗೆ ತರಬಾರದು. ವರ್ಷವಿಡೀ ಒಬ್ಬೊಬ್ಬರೇ ಹಾಡಿ ಚಪ್ಪಾಳೆ ಗಿಟ್ಟಿಸುವವರು ಒಂದು ತಾಸು ತಮ್ಮ ಕಂಠವನ್ನು ಸಾವಿರ ಕಂಠಗಳಲ್ಲಿ ಕರಗಿಸಲು ಬಂದಿದ್ದಾರೆ. ಅದು ಸಣ್ಣ ವಿಷಯವಲ್ಲ.

ಪಂಚರತ್ನವೆಂದರೆ ತ್ಯಾಗರಾಜರ ಐದು ಕೃತಿ, ಐದು ಘನರಾಗ: ನಾಟ, ಗೌಳ, ಆರಭಿ, ವರಾಳಿ, ಶ್ರೀ. ಐದೂ ಆದಿತಾಳ. ನಾಟದ ಕೃತಿ ಸಂಸ್ಕೃತದಲ್ಲಿ, ಉಳಿದ ನಾಲ್ಕು ತೆಲುಗಿನಲ್ಲಿ. ಚರಣಗಳಿಗೆಲ್ಲ ಸ್ವರವಿದೆ, ಮೊದಲು ಸ್ವರ ಹಾಡಿ, ಅದೇ ಜಾಡಿನಲ್ಲಿ ಸಾಹಿತ್ಯ. ಗೌಳಕ್ಕೆ ಬರುವ ಹೊತ್ತಿಗೆ ಚಪ್ಪರಕ್ಕೆ ಒಂದು ಹದ ಬಂದಿರುತ್ತದೆ. ತನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಂಡು ನನ್ನನ್ನು ಯಾರು ತಾನೇ ಕಾಪಾಡಿಯಾರು ಎಂದು ಕೇಳುವ ಕೃತಿ ಅದು. ಆರಭಿ ಬಂತೆಂದರೆ ಮಕ್ಕಳ ಮುಖವೂ ಅರಳುತ್ತದೆ. ಪ್ರತಿ ಚರಣ ಮುಗಿದಾಗ ಮರಳಿ ಬರುವ ಅದರ ಸಾಲು ಸಂಗೀತ ಬಾರದವರ ನಾಲಗೆಯ ಮೇಲೂ ಇದೆ.

ನನ್ನ ಕಣ್ಣು ಹೋಗುವುದು ಕೈಗಳ ಕಡೆಗೆ. ಒಂದು ಘಾತ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮತ್ತೆ ಘಾತ, ಅಂಗೈ ಮೇಲೆ. ಮತ್ತೆ ಘಾತ, ಅಂಗೈ ಮೇಲೆ. ತೊಡೆಯ ಮೇಲೆ ಎಂಟೆಣಿಕೆಯ ಆದಿತಾಳ. ಅಂಗೈಗಳೆಲ್ಲ ಒಟ್ಟಿಗೆ ಮಗುಚಿಕೊಂಡಾಗ ಚಪ್ಪರದ ಉದ್ದಕ್ಕೂ ಒಂದು ಬಿಳುಪು ಹಾಯ್ದು ಹೋಗುತ್ತದೆ. ಮುಂದಿನ ಸಾಲಿನ ಕೈಯಲ್ಲಿ ವಜ್ರದುಂಗುರವಿದೆ, ಹಿಂದಿನ ಸಾಲಿನ ಕೈಯಲ್ಲಿ ಪಾತ್ರೆ ತಿಕ್ಕಿ ಬಿರಿದ ಗೆರೆಗಳಿವೆ. ಬಾಯಿ ಎಲ್ಲಾದರೂ ತಡವರಿಸಿದರೂ ಕೈ ತಪ್ಪುವುದಿಲ್ಲ.

ವರಾಳಿ ನಾಲ್ಕನೆಯದು. ಐದರಲ್ಲಿ ಪ್ರತಿಮಧ್ಯಮ ಇರುವ ರಾಗ ಇದೊಂದೇ. ಅಲ್ಲಿಯವರೆಗೆ ಶುದ್ಧಮಧ್ಯಮದಲ್ಲಿ ಸಾಗಿ ಬಂದ ಕಿವಿಗೆ ಆ ಮಧ್ಯಮ ತಟ್ಟಿದ ಕೂಡಲೇ ಚಪ್ಪರದ ಬೆಳಕೇ ಬದಲಾದಂತೆ. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಡಬಾರದು, ಕೊಟ್ಟರೆ ಇಬ್ಬರಲ್ಲಿ ಮನಸ್ತಾಪ ಬರುತ್ತದೆ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಹಾಗಾಗಿ ವರಾಳಿಯನ್ನು ಕೇಳಿ ಕೇಳಿಯೇ ಕಲಿಯಬೇಕು. ಎಷ್ಟೋ ಜನ ಈ ಕೃತಿಯನ್ನು ಕಲಿತದ್ದು ಪಂಚಮಿಯ ದಿನದ ಗೋಷ್ಠಿಗಾನದಲ್ಲಿ, ಹಿರಿಯರ ಬೆನ್ನ ಹಿಂದೆ ಕೂತು. ಗುರು ಹೇಳಿಕೊಡಲೊಲ್ಲದ್ದನ್ನು ಈ ಚಪ್ಪರ ಹೇಳಿಕೊಡುತ್ತದೆ. ಇದಾದ ಮೇಲೆ ಶ್ರೀರಾಗ. ಹಿಂದೆ ಆಗಿಹೋದ, ಈಗ ಇರುವ, ಎಲ್ಲ ದೊಡ್ಡವರಿಗೂ ತಲೆಬಾಗುವ ಆ ಕೃತಿ ಮುಗಿದಾಗ ಒಳಗೆ ಮಂಗಳಾರತಿ. ಸಾಲುಗಳು ಕದಡಿ ಒಬ್ಬರ ಕಾಲಿಗೆ ಒಬ್ಬರು ಎರಗುತ್ತಾರೆ.

ನಮ್ಮ ಸಂಗೀತಲೋಕ ದೊಡ್ಡವರನ್ನು ನೆನೆಯುವುದು ಹೆಚ್ಚಾಗಿ ಅವರು ತೀರಿಕೊಂಡ ತಿಥಿಯಲ್ಲಿ. ತ್ಯಾಗರಾಜರು ಹುಟ್ಟಿದ್ದು ತಿರುವಾರೂರಿನಲ್ಲಿ, 1767ರ ಮೇ 4ರಂದು. ಸರ್ವಜಿತ್ ಸಂವತ್ಸರದ ಚೈತ್ರ ಶುಕ್ಲ ಸಪ್ತಮಿ. ಅದೇ ಊರಿನಲ್ಲಿ ಶ್ಯಾಮಾಶಾಸ್ತ್ರಿಗಳು, ಮುತ್ತುಸ್ವಾಮಿ ದೀಕ್ಷಿತರು ಹುಟ್ಟಿದ್ದೂ ಆ ಕಾಲದಲ್ಲೇ. ತಿರುವಾರೂರಿನ ಆ ಜನ್ಮದಿನಗಳನ್ನು ನೆನೆಯುವವರೂ ಇದ್ದಾರೆ. ಆದರೆ ಜನಸಾಗರ ಹರಿಯುವುದು ತಿರುವೈಯಾರಿನ ಪಂಚಮಿಗೇ. ತ್ಯಾಗರಾಜರು ಕಣ್ಮುಚ್ಚಿದ್ದು 1847ರ ಜನವರಿ 6ರಂದು, ಪರಾಭವ ಸಂವತ್ಸರದ ಪುಷ್ಯ ಬಹುಳ ಪಂಚಮಿ. ಇಂಗ್ಲಿಷ್ ತಾರೀಖನ್ನು ಹಿಡಿದು ಹೋದವರಿಗೆ ಆರಾಧನೆ ಸಿಗುವುದಿಲ್ಲ. ಅದು ತಿಥಿಯ ಜೊತೆ ವರ್ಷ ವರ್ಷವೂ ಹಿಂದೆ ಮುಂದೆ ಸರಿಯುತ್ತದೆ.

ಕೊನೆಯ ದಿನಗಳಲ್ಲಿ ಅವರು ಸನ್ಯಾಸ ಸ್ವೀಕರಿಸಿದರು. ಇದು ಮುಖ್ಯ. ಗೃಹಸ್ಥರಾಗಿಯೇ ತೀರಿಕೊಂಡಿದ್ದರೆ ದಹನವಾಗಿ ಬೂದಿ ಕಾವೇರಿ ಸೇರುತ್ತಿತ್ತು, ವರ್ಷಕ್ಕೊಮ್ಮೆ ಮನೆಯಲ್ಲಿ ಶ್ರಾದ್ಧ ನಡೆಯುತ್ತಿತ್ತು. ಸನ್ಯಾಸಿಯಾದ್ದರಿಂದ ದೇಹವನ್ನು ನೆಲಕ್ಕೆ ಒಪ್ಪಿಸಿ ಮೇಲೊಂದು ಬೃಂದಾವನ ಕಟ್ಟಿದರು. ಹೀಗೆ ಈ ತಿಥಿಗೆ ಒಂದು ಜಾಗ ದಕ್ಕಿತು.

ದಕ್ಕಿದ ಜಾಗ ಬಹುಕಾಲ ಅನಾಥವಾಗಿಯೂ ಇತ್ತು. ಇಂದಿನ ಚಪ್ಪರ, ಮೈಕು, ಸಾವಿರ ಕಂಠ ನೋಡಿದವರಿಗೆ ಇದೆಲ್ಲ ತ್ಯಾಗರಾಜರ ಕಾಲದಿಂದ ನಡೆದುಬಂದದ್ದು ಎನ್ನಿಸುತ್ತದೆ. ಹಾಗಲ್ಲ. ಅವರ ನಂತರ ಶಿಷ್ಯರು ಉಮೆಯಾಳ್ಪುರ, ತಿಲ್ಲೈಸ್ಥಾನ, ವಾಲಾಜಪೇಟೆ ಎಂದು ಅವರವರ ಊರಿನಲ್ಲಿ ನೆಲೆನಿಂತು ಕೃತಿಗಳನ್ನು ಉಳಿಸಿದರು. ಪಂಚಮಿಯನ್ನೂ ತಮ್ಮ ಮನೆಗಳಲ್ಲೇ ಆಚರಿಸಿದರು. ಹೊಳೆದಂಡೆಯ ಸಮಾಧಿಯನ್ನು ಗಿಡಗಂಟಿ ಮುಚ್ಚಿತು. 1903ರಲ್ಲಿ ಉಮೆಯಾಳ್ಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಅದನ್ನು ಹುಡುಕಿ ಜೀರ್ಣೋದ್ಧಾರ ಮಾಡಿಸಿದರು. ಹುಡುಗರಾಗಿದ್ದಾಗ ತ್ಯಾಗರಾಜರ ಬಳಿಯೇ ಕಲಿತಿದ್ದ ಅವರು ಆ ಹೊತ್ತಿಗೆ ವಯೋವೃದ್ಧರು. ಅದಾದ ಕೆಲವೇ ವರ್ಷಗಳಲ್ಲಿ ತಿಲ್ಲೈಸ್ಥಾನದ ನರಸಿಂಹ ಭಾಗವತರು, ಪಂಜು ಭಾಗವತರು ಎಂಬ ಅಣ್ಣತಮ್ಮಂದಿರು ಆರಾಧನೆಯನ್ನು ಊರಹಬ್ಬವಾಗಿ ಬೆಳೆಸಿದರು. ಬೆಳೆಯುತ್ತಿದ್ದಂತೆ ಒಡಕೂ ಬಂತು. ವಿದ್ವಾಂಸರು ‘ದೊಡ್ಡ ಕಕ್ಷಿ’, ‘ಚಿಕ್ಕ ಕಕ್ಷಿ’ ಎಂದು ಎರಡಾದರು. ಒಂದು ಕಕ್ಷಿಯ ಉತ್ಸವ ಪಂಚಮಿಗೆ ಮುಗಿದರೆ ಇನ್ನೊಂದರದು ಪಂಚಮಿಗೆ ಶುರು. ಎರಡೂ ಕಕ್ಷಿಯವರು ಒಮ್ಮತದಿಂದ ಒಪ್ಪಿದ್ದ ವಿಷಯ ಒಂದೇ: ಹೆಂಗಸರು ಇಲ್ಲಿ ಹಾಡಬಾರದು.

ಇನ್ನು ಈ ತಡೆಯನ್ನು ಮುರಿದ ನಂಜನಗೂಡಿನ ಹೆಣ್ಣುಮಗಳ ಕಥೆ.

1878ರ ನವೆಂಬರ್ 3ರಂದು ನಂಜನಗೂಡಿನಲ್ಲಿ ದೇವದಾಸಿ ಪುಟ್ಟಲಕ್ಷ್ಮಿಯ ಮಗಳಾಗಿ ನಾಗರತ್ನಮ್ಮ ಹುಟ್ಟಿದರು. ಕಪಿಲೆಯ ದಂಡೆಯ ಊರು ಅದು. ಅಲ್ಲಿಯ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ತಿರುವೈಯಾರಿನ ಮುಂದೆಯೇ ಹಾದುಹೋಗುತ್ತದೆ. ತಾಯಿಗೆ ಮಗಳನ್ನು ವಿದ್ಯಾವಂತೆ ಮಾಡಲೇಬೇಕೆಂಬ ಛಲ. ಮೈಸೂರಿನಲ್ಲಿ ಗಿರಿಭಟ್ಟರ ತಿಮ್ಮಯ್ಯನವರ ಬಳಿ ಸಂಸ್ಕೃತ, ಸಂಗೀತಕ್ಕೆ ಹಾಕಿದರು. ಅಲ್ಲಿ ಮುನಿಸು ಬಂದು ತಾಯಿ ಮಗಳು ಮೈಸೂರು ಬಿಟ್ಟರು. ಬೆಂಗಳೂರಿನಲ್ಲಿ ಪಿಟೀಲು ವಿದ್ವಾನ್ ಮುನಿಸ್ವಾಮಪ್ಪನವರು ಗುರುಗಳಾದರು. ಅವರು ವಾಲಾಜಪೇಟೆಯ ಶಿಷ್ಯಪರಂಪರೆಗೆ ಸೇರಿದವರಾದ್ದರಿಂದ ತ್ಯಾಗರಾಜರ ಕೃತಿಗಳು ಆ ಹುಡುಗಿಗೆ ನೇರ ದಾರಿಯಲ್ಲೇ ಬಂದವು. ಮಗಳು ಇನ್ನೂ ಹದಿಹರೆಯದಲ್ಲಿದ್ದಾಗ ಪುಟ್ಟಲಕ್ಷ್ಮಿ ತೀರಿಕೊಂಡರು. ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಪಳಗಿದ್ದ ನಾಗರತ್ನಮ್ಮ ಹಾಡಿನಿಂದಲೇ ಬದುಕು ಕಟ್ಟಿಕೊಂಡು, ಮುಂದೆ ಮದರಾಸಿಗೆ ಹೋಗಿ ಜಾರ್ಜ್ ಟೌನಿನಲ್ಲಿ ನೆಲೆಸಿದರು. ‘ಬೆಂಗಳೂರು ನಾಗರತ್ನಮ್ಮ’ ಎಂಬ ಹೆಸರು ಜನರ ಬಾಯಲ್ಲಿ ನಿಂತಿತು. ಆ ನಗರದಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಆಕೆ ಎಂಬ ಮಾತಿದೆ.

ಎದುರು ಹಾಕಿಕೊಳ್ಳಲು ಹಿಂಜರಿದ ಜೀವ ಅಲ್ಲ. ತಂಜಾವೂರಿನ ಮರಾಠ ಅರಸರ ಕಾಲದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವಿನ ಅಚ್ಚಾದ ಪ್ರತಿಯಲ್ಲಿ ಭಾಗಗಳನ್ನು ಕತ್ತರಿಸಿದ್ದು ಗೊತ್ತಾದಾಗ, ಮೂಲದ ಹಸ್ತಪ್ರತಿ ಹುಡುಕಿ ಪೂರ್ಣಪಾಠವನ್ನು 1910ರಲ್ಲಿ ಪ್ರಕಟಿಸಿದರು. ವಾವಿಳ್ಳದವರು ಅಚ್ಚು ಹಾಕಿದರು. ಅಶ್ಲೀಲವೆಂಬ ಕೂಗೆದ್ದು ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಆ ನಿಷೇಧ ತೆರವಾಗಲು ಸ್ವಾತಂತ್ರ್ಯದ ಹೊಸ್ತಿಲಿನವರೆಗೆ ಕಾಯಬೇಕಾಯಿತು. ಶೃಂಗಾರವನ್ನು ಗಂಡು ಬರೆದರೆ ಕಾವ್ಯ, ಹೆಣ್ಣು ಬರೆದರೆ ಅಪಚಾರ ಹೇಗಾದೀತು ಎಂಬುದು ಅವರ ವಾದದ ತಿರುಳು. ಹತ್ತು ವರ್ಷದ ನಂತರ ತಿರುವೈಯಾರಿನಲ್ಲಿ ಅವರು ಎದುರಿಸಬೇಕಾದದ್ದೂ ಇದೇ ಮನೋಭಾವವನ್ನು.

1921ರಲ್ಲಿ ಬಿಡಾರಂ ಕೃಷ್ಣಪ್ಪನವರಿಂದ ನಾಗರತ್ನಮ್ಮನವರಿಗೆ ಒಂದು ಕಾಗದ ಬಂತು. ಮೈಸೂರಿನ ಈ ಹಿರಿಯ ಗಾಯಕರನ್ನು ಅವರು ಗುರುಸ್ಥಾನದಲ್ಲಿಟ್ಟಿದ್ದರು. ಪಿಟೀಲು ವಿದ್ವಾನ್ ಚೌಡಯ್ಯನವರ ಗುರುಗಳೂ ಇವರೇ. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರೂ ಇವರೇ. ತಿರುವೈಯಾರಿಗೆ ಹೋಗಿದ್ದ ಕೃಷ್ಣಪ್ಪನವರು ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವುದನ್ನು ಕಂಡು ನೊಂದು ಬರೆದಿದ್ದರು. ವರ್ಷವರ್ಷವೂ ಎರಡು ಕಕ್ಷಿಗಳು ಪೈಪೋಟಿಗೆ ಬಿದ್ದು ಉತ್ಸವ ಮಾಡುತ್ತಿದ್ದವು, ಸಂತರ್ಪಣೆ ನಡೆಯುತ್ತಿತ್ತು. ಉತ್ಸವ ಯಾರ ಹೆಸರಿನಲ್ಲೋ ಅವರ ತಲೆಯ ಮೇಲೆ ಸೂರಿರಲಿಲ್ಲ. ನಾಗರತ್ನಮ್ಮ ತಡಮಾಡಲಿಲ್ಲ. ಸುತ್ತಲಿನ ನೆಲ ಬೇರೆಯವರದಾಗಿತ್ತು. ಓಡಾಡಿ, ಮಾತಾಡಿ, ಅದನ್ನು ಪಡೆದುಕೊಂಡರು. 1921ರ ಅಕ್ಟೋಬರ್ 27ರಂದು ಅಡಿಗಲ್ಲು. ಕೈಯಲ್ಲಿದ್ದ ಹಣ, ಕಛೇರಿಗಳಿಂದ ಬಂದ ಹಣ, ಒಡವೆ ಮಾರಿ ಬಂದ ಹಣ ಎಲ್ಲವೂ ಆ ಕಲ್ಲಿಗೆ ಹೋಯಿತು. ಬೃಂದಾವನದ ಮುಂದೆ ತ್ಯಾಗರಾಜರ ಮೂರ್ತಿ ಮಾಡಿಸಿ, ಗುಡಿ ಕಟ್ಟಿಸಿ, 1925ರ ಜನವರಿ 7ರಂದು ಪ್ರತಿಷ್ಠೆ ನಡೆಯಿತು.

ಗುಡಿ ಕಟ್ಟಿದವರಿಗೆ ಗುಡಿಯ ಮುಂದೆ ಹಾಡಲು ಅವಕಾಶವಿರಲಿಲ್ಲ. ಆರಾಧನೆಯ ವೇಳೆ ತಾನೂ ಸೇವೆ ಸಲ್ಲಿಸುತ್ತೇನೆಂದು ಕೇಳಿದರು, ಎರಡೂ ಕಕ್ಷಿಯವರು ಒಪ್ಪಲಿಲ್ಲ. ಹೆಂಗಸು ಎಂಬುದು ಒಂದು ತಡೆ, ದೇವದಾಸಿ ಎಂಬುದು ಇನ್ನೊಂದು. ಇಲ್ಲಿ ನಾಗರತ್ನಮ್ಮ ಮಾಡಿದ್ದನ್ನು ನೆನೆದರೆ ನನಗೆ ಪ್ರತಿ ಸಲವೂ ಮೈ ನವಿರೇಳುತ್ತದೆ. ಮುಂದೆ ಗಂಡಸರ ಗೋಷ್ಠಿ ನಡೆಯುತ್ತಿರಲಿ ಎಂದು ಗುಡಿಯ ಹಿಂಭಾಗದಲ್ಲಿ ಚಪ್ಪರ ಹಾಕಿಸಿದರು. ಅಲ್ಲಲ್ಲಿಂದ ಕಲಾವಿದೆಯರನ್ನು ಕರೆಸಿದರು. ಅವರ ಊಟ, ವಸತಿ ಎಲ್ಲ ತನ್ನದೇ ಖರ್ಚು. ಮುಂದೆ ಒಂದು ಆರಾಧನೆ, ಹಿಂದೆ ಒಂದು ಆರಾಧನೆ, ನಡುವೆ ಕಲ್ಲಿನ ಗೋಡೆ, ಗೋಡೆಯೊಳಗೆ ತ್ಯಾಗರಾಜರು. ‘ಹೆಂಗಸರ ಕಕ್ಷಿ’ ಎಂಬ ಮೂರನೆಯ ಕಕ್ಷಿ ಹುಟ್ಟಿದ್ದು ಹೀಗೆ. ಇದು ಒಂದು ವರ್ಷದ ಹಟ ಅಲ್ಲ. ಹತ್ತು ವರ್ಷ ಮೀರಿ ನಡೆಯಿತು. ಹಿಂದಿನ ಚಪ್ಪರಕ್ಕೂ ಜನ ಸೇರತೊಡಗಿದರು. ಗುಡಿ, ನೆಲ, ನಿತ್ಯಪೂಜೆಯ ವ್ಯವಸ್ಥೆ ಎಲ್ಲ ಅವರದೇ ಆಗಿದ್ದುದರಿಂದ ಅವರನ್ನು ಪಕ್ಕಕ್ಕೆ ಸರಿಸುವುದು ಮುಂದಿನವರಿಗೆ ಸಾಧ್ಯವಾಗಲಿಲ್ಲ.

1941ರಲ್ಲಿ ಕಕ್ಷಿಗಳೆಲ್ಲ ಒಂದಾದವು. ಎಸ್. ವೈ. ಕೃಷ್ಣಸ್ವಾಮಿ ಎಂಬ ಐಸಿಎಸ್ ಅಧಿಕಾರಿ ನಡುವೆ ನಿಂತು ಮಾತುಕತೆ ನಡೆಸಿದರು. ತ್ಯಾಗಬ್ರಹ್ಮ ಮಹೋತ್ಸವ ಸಭೆ ರೂಪುಗೊಂಡಿತು. ಎಲ್ಲರೂ ಕೂಡಿ ಪಂಚರತ್ನ ಹಾಡುವ ಪದ್ಧತಿ ಬೇರುಬಿಟ್ಟದ್ದೂ ಈ ಒಗ್ಗಟ್ಟಿನ ಸುಮಾರಿಗೇ. ಅಲ್ಲಿಯವರೆಗೆ ಒಬ್ಬೊಬ್ಬರು ತಮಗೆ ಇಷ್ಟವಾದದ್ದನ್ನು ಹಾಡುತ್ತಿದ್ದರು. ಜಗಳವಾಡುತ್ತಿದ್ದವರನ್ನು ಒಂದೇ ತಾಳಕ್ಕೆ ಕೂರಿಸಲು ಎಲ್ಲರಿಗೂ ಬರುವ ಐದು ಕೃತಿ ಬೇಕಾಗಿದ್ದವು. ಇಂದು ಚಪ್ಪರದ ಹೆಂಗಸರ ಬದಿಯಲ್ಲಿ ಕೂತವರಲ್ಲಿ ಎಷ್ಟು ಜನ ಇದನ್ನು ನೆನೆಯುತ್ತಾರೋ! ಆ ಬದಿಯ ನೆಲದ ಪ್ರತಿ ಅಂಗುಲವೂ ಒಬ್ಬ ಹೆಣ್ಣುಮಗಳು ಬಿಡದೆ ಕೇಳಿ ಪಡೆದದ್ದು.

ಕೊನೆಯ ವರ್ಷಗಳನ್ನು ಅವರು ತಿರುವೈಯಾರಿನಲ್ಲೇ ಕಳೆದರು. ಅವರಿಗೆ ಸಂದ ಬಿರುದುಗಳಲ್ಲಿ ‘ತ್ಯಾಗಸೇವಾಸಕ್ತೆ’ ಎಂಬುದೂ ಒಂದು. 1952ರ ಮೇ 19ರಂದು ತೀರಿಕೊಂಡಾಗ ತ್ಯಾಗರಾಜರ ಗುಡಿಯ ಆವರಣದಲ್ಲೇ ಅವರ ಸಮಾಧಿಯಾಯಿತು. ಅಲ್ಲೊಂದು ಪ್ರತಿಮೆ ಇದೆ: ಕಾಲು ಮಡಿಚಿ ಕೂತು, ತ್ಯಾಗರಾಜರ ಕಡೆ ಮುಖ ಮಾಡಿ, ಕೈ ಮುಗಿದ ನಾಗರತ್ನಮ್ಮ. ಪಂಚರತ್ನ ಮುಗಿದ ಮೇಲೆ ಕೆಲವರು ಇತ್ತ ಬಂದು ಹೂವಿಡುತ್ತಾರೆ. ಬಹಳ ಜನ ಪ್ರಸಾದದ ಸಾಲಿಗೆ ಓಡುತ್ತಾರೆ.

ಮೈಸೂರು ಸೀಮೆಗೂ ಈ ಊರಿಗೂ ನಂಟು ನಾಗರತ್ನಮ್ಮನವರಿಂದ ಶುರುವಾದದ್ದಲ್ಲ. ಮೈಸೂರು ಸದಾಶಿವರಾಯರು ವಾಲಾಜಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ತ್ಯಾಗರಾಜರು ವಾಲಾಜಪೇಟೆಗೆ ಬಂದಾಗ ತೋಡಿಯಲ್ಲಿ ಒಂದು ಕೃತಿ ಕಟ್ಟಿ ಸ್ವಾಗತಿಸಿದವರು. ಅವರ ಶಿಷ್ಯರಾದ ವೀಣೆ ಶೇಷಣ್ಣ, ಸುಬ್ಬಣ್ಣನವರ ಬೆರಳುಗಳಲ್ಲಿ ಆ ಪಾಠ ಮೈಸೂರಿನ ತುಂಬ ಹರಡಿತು. ಇನ್ನು ಮೈಸೂರು ವಾಸುದೇವಾಚಾರ್ಯರು. ಅರಮನೆಯ ನೆರವಿನಿಂದ ತಿರುವೈಯಾರಿಗೇ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿ ಗುರುಕುಲವಾಸ ಮಾಡಿದರು. ಬೇಗಡೆ ರಾಗವನ್ನು ಹಾಡಿ ಹಾಡಿ ‘ಬೇಗಡೆ ಸುಬ್ರಹ್ಮಣ್ಯ ಅಯ್ಯರ್’ ಎಂದೇ ಹೆಸರಾಗಿದ್ದ ಗುರು ಅವರು. ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯ ತ್ಯಾಗರಾಜರ ನೆಂಟರೂ ಹೌದು, ಶಿಷ್ಯರೂ ಹೌದು. ವಾಸುದೇವಾಚಾರ್ಯರು ತಮ್ಮ ‘ನೆನಪುಗಳು’ ಪುಸ್ತಕದಲ್ಲಿ ಆ ದಿನಗಳನ್ನು ಕನ್ನಡದಲ್ಲಿ ದಾಖಲಿಸಿದ್ದಾರೆ. ಗುರುಸೇವೆಯ ಕಷ್ಟ, ಗುರುವಿನ ಕೋಪ, ಪಾಠ ದೊರೆತ ಗಳಿಗೆಯ ಸುಖ ಎಲ್ಲ ಕಣ್ಣಿಗೆ ಕಟ್ಟುವಂತಿದೆ. ತಿರುವೈಯಾರಿಗೆ ಹೋಗುವ ಕನ್ನಡಿಗರು ಮೊದಲು ಆ ಪುಸ್ತಕ ಓದಬೇಕು.

ತ್ಯಾಗರಾಜರಿಗೂ ನಮ್ಮ ಕಡೆಯ ಋಣದ ಅರಿವಿತ್ತು. ‘ಪ್ರಹ್ಲಾದ ಭಕ್ತಿ ವಿಜಯಮು’ ಎಂಬ ಗೇಯನಾಟಕದ ಆರಂಭದಲ್ಲಿ ಅವರು ಪುರಂದರದಾಸರಿಗೆ ನಮಿಸಿದ್ದಾರೆ. ಪುರಂದರದಾಸರು ಹಂಪಿಯಲ್ಲಿ ಮರೆಯಾದದ್ದು 1564ರ ಪುಷ್ಯ ಬಹುಳ ಅಮಾವಾಸ್ಯೆಯಂದು. ಪಂಚಮಿಗೆ ಹತ್ತು ದಿನ ಕಳೆದರೆ ಬರುವ ಅಮಾವಾಸ್ಯೆ ಅದು. ಹೀಗೆ ಒಂದೇ ಕೃಷ್ಣಪಕ್ಷದಲ್ಲಿ ಕಾವೇರಿ ದಂಡೆಯಲ್ಲೊಂದು ಆರಾಧನೆ, ತುಂಗಭದ್ರೆಯ ದಂಡೆಯಲ್ಲೊಂದು. ಸರಳೆ, ಅಲಂಕಾರದಿಂದ ಪಾಠ ಶುರುಮಾಡಿ ಪಂಚರತ್ನದವರೆಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಇಬ್ಬರ ಮನೆ ಬಾಗಿಲುಗಳನ್ನು ಹಾದೇ ಬರಬೇಕು. ಬೆಂಗಳೂರು, ಮೈಸೂರಿನ ರಾಮಮಂದಿರಗಳೂ ಸಂಗೀತಶಾಲೆಗಳೂ ಇಬ್ಬರ ಆರಾಧನೆಯನ್ನೂ ಕೂಡಿಸಿ ‘ಪುರಂದರ–ತ್ಯಾಗರಾಜರ ಆರಾಧನೆ’ ಎಂದು ನಡೆಸುವುದು ನಮ್ಮಲ್ಲಿ ಮಾಮೂಲು. ಶಾಲೆಯ ಪುಟ್ಟ ಮಕ್ಕಳು ಮೊದಲ ಬಾರಿ ಜನರೆದುರು ಹಾಡುವುದೂ ಬಹುಪಾಲು ಅಂದೇ.

ತಿರುವೈಯಾರಿನ ಮಧ್ಯಾಹ್ನಕ್ಕೆ ಬೆಳಗಿನ ಗಾಂಭೀರ್ಯವಿಲ್ಲ. ಎಲೆ ಊಟ ಮುಗಿಸಿದವರು ಹೊಳೆಯ ಮೆಟ್ಟಿಲ ಮೇಲೆ ಕಾಲು ಚಾಚಿದ್ದಾರೆ. ಚಪ್ಪರದ ಹೊರಗೆ ಸ್ವರಲಿಪಿಯ ಪುಸ್ತಕ, ಶ್ರುತಿಪೆಟ್ಟಿಗೆ, ತ್ಯಾಗರಾಜರ ಪಟ ಮಾರುವವರು. ಒಳಗೆ ಒಬ್ಬರಾದ ಮೇಲೆ ಒಬ್ಬರ ಹಾಡು. ಇಲ್ಲಿ ಯಾರಿಗೂ ಸಂಭಾವನೆಯಿಲ್ಲ, ಯಾರಿಗೂ ದೀರ್ಘ ಕಛೇರಿಯಿಲ್ಲ. ಒಂದೆರಡು ಕೃತಿ ಹಾಡಿ ಎದ್ದು ಮುಂದಿನವರಿಗೆ ಜಾಗ ಬಿಡಬೇಕು. ಪದ್ಮ ಪ್ರಶಸ್ತಿ ಪಡೆದವರ ಬೆನ್ನಿಗೇ ಯಾವುದೋ ಊರಿನ ವಿದ್ಯಾರ್ಥಿನಿ ವೇದಿಕೆ ಏರುತ್ತಾಳೆ. ಅವಳ ಅಪ್ಪ ಮೊಬೈಲು ಎತ್ತಿ ಹಿಡಿದು ನಿಂತಿದ್ದಾರೆ. ಅಮ್ಮ ಕಣ್ಣುಮುಚ್ಚಿ ತಾಳ ಹಾಕುತ್ತಿದ್ದಾರೆ. ಹುಡುಗಿಯ ಮೊದಲ ಷಡ್ಜ ಸ್ವಲ್ಪ ನಡುಗುತ್ತದೆ, ಅನುಪಲ್ಲವಿಗೆ ಬರುವಷ್ಟರಲ್ಲಿ ನಿಲ್ಲುತ್ತದೆ. ಪಕ್ಕದಲ್ಲಿ ಪಿಟೀಲು ನುಡಿಸುತ್ತಿರುವ ಹಿರಿಯರು ಭೇಷ್ ಎಂದು ತಲೆಯಾಡಿಸುತ್ತಾರೆ.

ಹೋಗಬೇಕೆನ್ನುವವರು ಪಂಚಾಂಗದಲ್ಲಿ ತಿಥಿ ನೋಡಿಕೊಂಡೇ ಟಿಕೆಟ್ ತೆಗೆಸಬೇಕು. ಮೈಸೂರಿನಿಂದ ಸಂಜೆ ಹೊರಟು ಬೆಂಗಳೂರು ಹಾದುಹೋಗುವ ಮಯಿಲಾಡುದುರೈ ಕಡೆಯ ರೈಲು ಬೆಳಕು ಹರಿಯುವ ಮುನ್ನವೇ ತಂಜಾವೂರಿಗೆ ಮುಟ್ಟಿಸುತ್ತದೆ. ಮುಂದಿನ ಹನ್ನೆರಡು ಕಿಲೋಮೀಟರಿಗೆ ಬಸ್ಸಿದೆ. ನಾಗರತ್ನಮ್ಮನವರ ಸಮಾಧಿಗೆ ಪಂಚರತ್ನ ಶುರುವಾಗುವ ಮೊದಲೇ ಹೋಗಿಬರುವುದು ಒಳ್ಳೆಯದು. ಆಮೇಲೆ ಜನಜಂಗುಳಿಯಲ್ಲಿ ಅತ್ತ ದಾರಿ ಸಿಗುವುದಿಲ್ಲ. 1949ರಲ್ಲಿ ಅವರು ಬರೆಸಿದ ಉಯಿಲಿನಲ್ಲಿ ತಮ್ಮ ಆಸ್ತಿಯನ್ನೆಲ್ಲ ತ್ಯಾಗರಾಜರ ಸೇವೆಗೆಂದು ಟ್ರಸ್ಟಿಗೆ ಬಿಟ್ಟುಕೊಟ್ಟು, ಜೊತೆಗೆ ಒಂದು ಷರತ್ತನ್ನೂ ಹಾಕಿದ್ದಾರೆ: ಹೆಂಗಸರಿಗೆ, ದೇವದಾಸಿಯರಿಗೂ ಸೇರಿ, ಈ ಸನ್ನಿಧಿಯಲ್ಲಿ ಪೂಜಿಸುವ, ಸೇವೆ ಸಲ್ಲಿಸುವ ಹಕ್ಕಿಗೆ ಎಂದೂ ಯಾರೂ ಅಡ್ಡಿಮಾಡಕೂಡದು.